ಕೋಬೆಯ ಶಾಲೆಯಲ್ಲಿ ಕೊನೆ ಕೈ

ಹುಣಸೂರು

ಜಪಾನಿಗೆ ಹೋಗಿ ಬಂದವನು ಎಂದು ಸಂತೆಯ ದಿನ ನನ್ನನ್ನು ಬೆರಳು ಮಾಡಿ ತೋರಿಸುವವರು ಇನ್ನೂ ಇದ್ದಾರೆ. ಪಿರಿಯಾಪಟ್ಟಣದಿಂದ, ಎಡತೊರೆಯಿಂದ, ಹೆಗ್ಗಡದೇವನಕೋಟೆ ಕಡೆಯಿಂದ ಗಾಡಿ ರಿಪೇರಿಗೆ ಬಂದವರು ನನ್ನ ಕಾರ್ಖಾನೆಯ ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರಿಕೊಳ್ಳುತ್ತಾ ಅದನ್ನೇ ಕೇಳುತ್ತಾರೆ. ಅಲ್ಲಿಯ ಜನ ಏನು ತಿನ್ನುತ್ತಾರೆ, ಹಡಗಿನಲ್ಲಿ ಹೊಟ್ಟೆ ತೊಳಸಲಿಲ್ಲವೆ, ಮನೆಗೆ ಕಾಗದದ ಬಾಗಿಲು ಅನ್ನುವುದು ನಿಜವೆ. ನಾನೂ ಹೇಳುತ್ತೇನೆ. ಹೇಳಿ ಹೇಳಿ ಆ ಮಾತುಗಳು ನೊಗದ ಹಾಗೆ ನುಣುಪಾಗಿವೆ. ಈಗ ಆ ದೇಶದೊಂದಿಗೆ ಯುದ್ಧ ನಡೆಯುತ್ತಿದೆ. ಅತ್ತ ಹಡಗಿಲ್ಲ; ಕೇಳುವವರ ದನಿಯೂ ತಗ್ಗಿದೆ. ಆದರೂ ನಾನು ಅಲ್ಲಿಗೆ ಹೋದದ್ದು ಯಾಕೆ ಎಂದು ಮಾತ್ರ ಒಬ್ಬರೂ ಕೇಳಿಲ್ಲ. ಅದನ್ನೇ ಬರೆಯುತ್ತೇನೆ.

ನಾನು ಹೆಚ್ಚು ಓದಿದವನಲ್ಲ. ಊರ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದಾಗಲೇ ಅಪ್ಪ ತೀರಿಕೊಂಡ. ಮಠ ಬಿಟ್ಟು ಕುಲುಮೆಯಲ್ಲಿ ತಿದಿ ಒತ್ತುವುದಕ್ಕೆ ಸೇರಿದೆ. ಉಳಿದ ಓದನ್ನು ಅಂಗಡಿಗಳ ಬೋರ್ಡು ನೋಡಿ, ಸಾಮಾನು ಕಟ್ಟಿಕೊಟ್ಟ ಹಳೆಯ ಪತ್ರಿಕೆ ನೋಡಿ ನಾನೇ ಕಲಿತೆ. ತಿದಿ ಒತ್ತಿದವನು ಕೊಡತಿ ಹಿಡಿದೆ, ಕೊಡತಿ ಹಿಡಿದವನು ಸ್ವಂತ ಗಾಡಿ ಕಾರ್ಖಾನೆ ಮಾಡಿದೆ. ಈ ನಾಲ್ಕು ತಾಲ್ಲೂಕಿನಲ್ಲಿ ನನ್ನ ಗಾಲಿ ಉರುಳದ ರಸ್ತೆ ಇಲ್ಲ. ಜಂಬ ಅಂದರೆ ಅನ್ನಲಿ. ದುಡಿದವನಿಗೆ ಅಷ್ಟು ಜಂಬ ಸಲ್ಲುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಕೆಲಸ ಯಾರೇ ಮಾಡಿರಲಿ, ಕೊನೆಯ ಏಟು ಯಜಮಾನನದು. ಗಾಲಿ ಜೋಡಿಸಿದವನು, ಕಾದ ಕಬ್ಬಿಣದ ಹಳಿಯನ್ನು ಗಾಲಿಗೆ ಇಳಿಸಿ ನೀರು ಹೊಯ್ದವನು ಬೇರೆಯವನೇ ಇರಬಹುದು. ಎಲ್ಲ ಆದ ಮೇಲೆ ಅವನು ಕೊಡತಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಯಜಮಾನನಿಗೆ ಕೊಡುತ್ತಾನೆ. ಯಜಮಾನ ಗಾಲಿಯ ಸುತ್ತ ಬಂದು, ಬೇಕೆನ್ನಿಸಿದ ಕಡೆ ಒಂದೋ ಎರಡೋ ಏಟು ಹಾಕುತ್ತಾನೆ. ಇದಕ್ಕೆ ಕೊನೆ ಕೈ ಎನ್ನುತ್ತೇವೆ. ಗಾಡಿ ಕೊಳ್ಳುವವನೂ ಮೊದಲು ಕೇಳುವುದು, “ಯಜಮಾನ್ರು ಕೊನೆ ಕೈ ಇಟ್ಟವ್ರಾ?” ಎಂದೇ. ಹೌದೆಂದ ಮೇಲೇ ಎತ್ತು ಕಟ್ಟುತ್ತಾನೆ.

ಕಂಪಲಾಪುರಕ್ಕೆ ಕೊಟ್ಟ ನನ್ನ ಅಕ್ಕನ ಮಗ ಮಾದೇವ. ಹನ್ನೆರಡು ವರ್ಷದವನಾಗಿದ್ದಾಗಿನಿಂದ ನನ್ನ ಹತ್ತಿರವೇ ಇದ್ದು ಸ್ಕೂಲಿಗೂ ಹೋಗುತ್ತಿದ್ದ, ಕುಲುಮೆಗೂ ಬರುತ್ತಿದ್ದ. ಅವನಿಗೆ ಗಾಲಿಯ ಮೇಲೆ ಮನಸ್ಸಿರಲಿಲ್ಲ, ಇಂಜಿನ್ನಿನ ಮೇಲೆ ಇತ್ತು. ಅಕ್ಕಿ ಗಿರಣಿಯ ಇಂಜಿನ್ನು ನಿಂತರೆ ಡ್ರೈವರು ಇವನನ್ನೇ ಕೂಗುತ್ತಿದ್ದ. ಆದರೆ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ. ಇಂಗ್ಲಿಷ್ ಪಾಸಾಗದವನಿಗೆ ನಮ್ಮ ಕಡೆಯ ಕೈಗಾರಿಕೆ ಶಾಲೆಯಲ್ಲಿ ಜಾಗ ಇರಲಿಲ್ಲ.

ಆ ಸಮಯದಲ್ಲೇ ನಾನು ಮರ ಕೊಯ್ಯುವ ಯಂತ್ರ ಕೊಳ್ಳಲು ಮದರಾಸಿನ ಏಜೆಂಟರೊಬ್ಬರನ್ನು ನೋಡಲು ಹೋಗಿದ್ದೆ. ಯಂತ್ರ ಬರುವುದು ಕೋಬೆಯಿಂದ, ನೀವೇ ಹೋಗಿ ಆರಿಸಿಕೊಂಡರೆ ಒಳ್ಳೆಯದು ಎಂದರು. ಮಾತಿನ ನಡುವೆ ಇನ್ನೊಂದು ಹೇಳಿದರು. ಆ ಊರಿನಲ್ಲಿ ಒಂದು ಶಾಲೆ ಇದೆ. ಹದಿನಾರು ದಾಟದ ಹುಡುಗರನ್ನು ತೆಗೆದುಕೊಂಡು ಯಂತ್ರದ ಕೆಲಸಕ್ಕೆ ತಯಾರು ಮಾಡುತ್ತಾರೆ. ಅಲ್ಲಿಂದ ಬಂದವರು ಇಂಜಿನಿಯರುಗಳಾಗುತ್ತಾರೆ. ಹೊರಗಿನ ದೇಶದ ಹುಡುಗರಿಗೂ ಒಂದೆರಡು ಜಾಗ ಇದೆ. ಪರೀಕ್ಷೆ ಕಾಗದದ ಮೇಲಲ್ಲ, ಕೈಯಲ್ಲಿ. ಕೈ ಸರಿಯಿದ್ದರೆ ಭಾಷೆಯನ್ನು ಅವರೇ ಕಲಿಸುತ್ತಾರೆ.

ಕೈಯ ಪರೀಕ್ಷೆ ಅಂದ ಕೂಡಲೇ ನನ್ನ ಎದೆ ಉಬ್ಬಿತು. ಮಾದೇವನಿಗೆ ಆಗ ಹದಿನಾರು ನಡೆಯುತ್ತಿತ್ತು. ಆ ವರ್ಷ ತಪ್ಪಿದರೆ ಇನ್ನಿಲ್ಲ.

ಅಕ್ಕ ಒಪ್ಪಲಿಲ್ಲ. “ಲೇ ಬೋರ, ಇರೋನೊಬ್ಬ ಕಣೋ. ಅಷ್ಟ್ ದೂರ ಬುಟ್ಟು ಬತ್ತೀಯಾ?”

“ಬುಡ್ದೆ ಇನ್ನೇನಕ್ಕಾ? ಅವ್ನೂ ನನ್ನಂಗೆ ಗಾಲಿ ತಟ್ಕಂಡು ಕೂರ್ಬೇಕಾ?”

“ಗಾಲಿ ತಟ್ಟಿ ನೀನೇನ್ ಕೆಟ್ಟೋಗಿದ್ದೀಯಾ?”

ಕೊನೆಗೆ ಅವಳೇ ರಾಗಿ ಹಿಟ್ಟು, ಹುರುಳಿ ಪುಡಿ, ಮಾವಿನಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಮೋಟಾರು ಹತ್ತುವಾಗ ನನ್ನ ತೋಳು ಹಿಡಿದು, “ಪರೀಕ್ಷೆ ಮುಗಿಯೋಗಂಟ ಅವನ ಕಣ್ಮುಂದೆನೇ ಇರು ಕಣಪ್ಪ. ಎದುರ್ಕತಾನೆ ಮಗ,” ಎಂದಳು. ಇರುತ್ತೇನೆ ಅಂದೆ. ಇದ್ದೆ ಕೂಡ.

ಹಡಗು

ಕೊಲಂಬೊದಲ್ಲಿ ಹಡಗು ಹತ್ತಿದ ಮೇಲೆ ನಾನು ಮಲಗಿದವನು ಏಳಲಿಲ್ಲ. ಮಡಿಕೇರಿ ಘಟ್ಟದಲ್ಲಿ ಮರದ ಗಾಡಿ ಮೇಲೆ ಕೂತು ಇಳಿದವನು ನಾನು, ಆದರೂ ಸಮುದ್ರ ನನ್ನನ್ನು ಕಸದ ಹಾಗೆ ಮೂಲೆಗೆ ಒತ್ತಿತು. ತಲೆ ಎತ್ತುವಂತಾದ ದಿನ ಮುದ್ದೆ ತಿನ್ನಬೇಕೆಂಬ ಆಸೆ ಹುಟ್ಟಿತು. ಹಿಟ್ಟು ತೆಗೆದುಕೊಂಡು ಅಡಿಗೆಯವನ ಹತ್ತಿರ ಹೋದೆ. ಅವನು ಜಪಾನಿನವನು. ಹಿಟ್ಟನ್ನು ಮೂಸಿ, ಬೆರಳಲ್ಲಿ ಉಜ್ಜಿ, ನನ್ನ ಹೊಟ್ಟೆ ತೋರಿಸಿ ಔಷಧಿಯೇ ಎಂದು ಸನ್ನೆ ಮಾಡಿದ. ಅಲ್ಲವೆಂದು ತಲೆಯಾಡಿಸಿ ನಾನೇ ಒಲೆಯ ಮುಂದೆ ನಿಂತೆ. ಕೋಲಿನ ಬದಲು ಸೌಟಿನ ಹಿಡಿಯಲ್ಲಿ ತೊಳಸಿದೆ. ಹಡಗು ಒಂದು ಕಡೆ ವಾಲಿದಾಗ ಪಾತ್ರೆ ಇನ್ನೊಂದು ಕಡೆ ಹೋಯಿತು, ಹಿಡಿಯಲು ಹೋಗಿ ಕೈ ಸುಟ್ಟುಕೊಂಡೆ. ಹೇಗೋ ಎರಡು ಮುದ್ದೆ ಆದವು. ಒಂದನ್ನು ಅವನಿಗೆ ಕೊಟ್ಟೆ. ಪಾಪ, ಅವನು ಅಗಿದ. ಅಗಿದೂ ಅಗಿದೂ ದವಡೆ ಸೋತು, ಮರ್ಯಾದೆಗೆ ಉಗುಳಲೂ ಆಗದೆ ನನ್ನ ಮುಖ ನೋಡುತ್ತಾ ನಿಂತ. ನುಂಗಬೇಕು ಎಂದು ಗಂಟಲು ತೋರಿಸಿದೆ. ಕಣ್ಣಲ್ಲಿ ನೀರು ಬಂದರೂ ನುಂಗಿದ. ಆಮೇಲೆ ನನ್ನನ್ನು ಕಂಡಾಗಲೆಲ್ಲ ತನ್ನ ಗಂಟಲು ಮುಟ್ಟಿ ನಗುತ್ತಿದ್ದ.

ಮಾದೇವ ಮಲಗಲೇ ಇಲ್ಲ. ಅವನು ಕೆಳಗೆ ಇಂಜಿನ್ ಕೋಣೆಯ ಬಾಗಿಲಲ್ಲಿ ಬೀಡುಬಿಟ್ಟಿದ್ದ. ಮೊದಲು ಗದರಿ ಅಟ್ಟಿದರು. ಆಮೇಲೆ ಎಣ್ಣೆ ಒರೆಸುವ ಬಟ್ಟೆಯನ್ನು ಕೈಗೆ ಕೊಟ್ಟರು. ಸಂಜೆ ಮಸಿ ಮುಖ ಹೊತ್ತು ಮೇಲೆ ಬಂದು ನನ್ನ ಪಕ್ಕ ಕೂರುತ್ತಿದ್ದ.

“ಮಾವ, ಅಷ್ಟ್ ದೊಡ್ಡ ಇಂಜಿನ್ನ ಅಂಗೈಯಗಲದ ಒಂದು ಗಾಲಿ ತಿರುಗ್ಸಿ ನಿಲ್ಲುಸ್ತಾರೆ.”

“ನೋಡ್ದಾ?”

“ನೋಡ್ದೆ. ನಂಗೆ ನೋಡೋದು ಬ್ಯಾಡ ಮಾವ. ನಾನು ಅಂಥದ್ದ ಮಾಡ್ಬೇಕು.”

ಅವನು ನನ್ನ ಮುಂದೆ ತನಗೆ ಇಂಥದು ಬೇಕು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಕೋಬೆ

ಪರದೇಶದಲ್ಲಿ ಗೌರವವಾಗಿ ಕಾಣಬೇಕೆಂದು ಮೈಸೂರಿನಲ್ಲಿ ಹೊಸ ಬೂಟ್ಸು ಹೊಲಿಸಿದ್ದೆ. ಕಣಕಾಲಿನವರೆಗೆ ದಾರ ಕಟ್ಟುವಂಥದು. ಆ ಊರಿನಲ್ಲಿ ಮನೆಯಾಗಲಿ, ಹೋಟೆಲಾಗಲಿ, ಯಂತ್ರ ಮಾರುವವರ ಆಫೀಸಾಗಲಿ, ಹೊಸಿಲ ಹೊರಗೇ ಪಾದರಕ್ಷೆ ಬಿಡಬೇಕು. ನಮ್ಮಲ್ಲೂ ಹಾಗೇ, ಆದರೆ ನಮ್ಮ ಕಡೆ ಕಾಲಲ್ಲಿ ಬಿಡುವಂಥದು ಏನಿರುತ್ತದೆ? ಒಂದೊಂದು ಬಾಗಿಲಲ್ಲೂ ನಾನು ಕುಕ್ಕರುಗಾಲಲ್ಲಿ ಕೂತು ದಾರ ಬಿಚ್ಚುವುದು, ಗಂಟಾಗುವುದು, ಒಳಗಿನವರು ಬಗ್ಗಿ ನಮಸ್ಕರಿಸಿ ಹಾಗೇ ಬಗ್ಗಿಕೊಂಡೇ ಕಾಯುವುದು. ನಾನು ಎದ್ದರೆ ಅವರು ಏಳಬೇಕು, ಗಂಟು ಬಿಚ್ಚಿದರೆ ನಾನು ಏಳಬೇಕು. ನಾಲ್ಕನೆಯ ಬಾಗಿಲಲ್ಲಿ ಮಾದೇವ ಕಿಸಕ್ಕನೆ ನಕ್ಕ. ಅವತ್ತೇ ಬೂಟ್ಸನ್ನು ಪೆಟ್ಟಿಗೆಗೆ ಹಾಕಿ ಮರದ ಎಕ್ಕಡ ಕೊಂಡೆ.

ನಮಗೆ ದುಭಾಷಿ ರಾಮುಣ್ಣಿ. ಮಲಬಾರಿನವರು. ಹುಡುಗನಾಗಿದ್ದಾಗ ಎನ್. ಬೇಗೂರಿನ ಕಾಡಿನಲ್ಲಿ ಬಿದಿರು ಕಡಿಸುವವರ ಜೊತೆ ಇದ್ದು ಕನ್ನಡ ಕಲಿತಿದ್ದರು; ಆಮೇಲೆ ಹಡಗಿನ ಕೆಲಸ ಹಿಡಿದು ಕೋಬೆಯಲ್ಲಿ ನೆಲೆಯಾಗಿ, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿದ್ದರು. ಕಪಿಲಾ ಹೊಳೆಯಲ್ಲಿ ಈಗಲೂ ಬಿದಿರ ತೆಪ್ಪ ತೇಲಿಬಿಡುತ್ತಾರಾ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಬಿಡುತ್ತಾರೆ ಅಂದರೆ ಮಗುವಿನ ಹಾಗೆ ಖುಷಿಪಡುತ್ತಿದ್ದರು.

ಒಂದು ಬೀದಿಯಲ್ಲಿ ಬಡಗಿಯೊಬ್ಬ ಹಲಗೆ ಕೊಯ್ಯುತ್ತಿದ್ದ. ನೋಡಿ ನಿಂತುಬಿಟ್ಟೆ. ನಾವು ಗರಗಸವನ್ನು ಆಚೆಗೆ ತಳ್ಳಿ ಕೊಯ್ಯುತ್ತೇವೆ, ಅವನು ತನ್ನ ಕಡೆಗೆ ಎಳೆದುಕೊಂಡು ಕೊಯ್ಯುತ್ತಿದ್ದ. ಉಜ್ಜುಗೊರಡನ್ನೂ ಹಾಗೆಯೇ ಎಳೆಯುತ್ತಿದ್ದ. ಇದೇನು ಎಡವಟ್ಟು ಕೆಲಸ ಎಂದು ನಕ್ಕೆ. ಅವನು ನನ್ನ ಅಂಗೈ ನೋಡಿ, ಕಸುಬಿನವನೆಂದು ತಿಳಿದು, ಗರಗಸ ಕೊಟ್ಟ. ಅಭ್ಯಾಸದಂತೆ ತಳ್ಳಿದೆ. ತೆಳುವಾದ ಅಲಗು ಬಿಲ್ಲಿನ ಹಾಗೆ ಬಾಗಿತು. ಅವನು ಗಾಬರಿಯಿಂದ ನನ್ನ ಮುಂಗೈ ಹಿಡಿದ. ಮಾದೇವ ಇಸಿದುಕೊಂಡು ಎರಡು ಸಲ ಎಳೆದು ನೋಡಿ, ಮೂರನೆಯ ಸಲಕ್ಕೆ ಗೆರೆಯ ಮೇಲೇ ಕೊಯ್ದ. ನನಗೆ ಹೆಮ್ಮೆಯೇ ಆಯಿತು. ಅವನ ಕೈ ಹೊಸದನ್ನು ಇಷ್ಟು ಬೇಗ ಹಿಡಿಯುತ್ತದೆ, ಇನ್ನೇನು ಭಯ ಅಂದುಕೊಂಡೆ.

ಶಾಲೆ, ಮೊದಲ ದಿನ

ಶಾಲೆ ಎಂದರೆ ಬೆಂಚು, ಕಪ್ಪು ಹಲಗೆ ಎಂದುಕೊಂಡಿದ್ದವನಿಗೆ ಅದು ಗಿರಣಿಯ ಹಾಗೆ ಕಂಡಿತು. ಉದ್ದನೆಯ ಕಟ್ಟಡ, ಎತ್ತರದ ಕಿಟಕಿಗಳು, ಮಾಡಿನ ಕೆಳಗೆ ತಿರುಗುವ ಬೆಲ್ಟು. ಮೀಸೆ ಮೂಡದ ಹುಡುಗರು ಲೇತು ಯಂತ್ರದ ಮುಂದೆ ನಿಂತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಬೈಗುಳವಿಲ್ಲದೆ ಒಂದು ಮೊಳೆಯೂ ಒಳಗೆ ಹೋಗುವುದಿಲ್ಲ, ಅದು ನೆನಪಾಯಿತು.

ಕೆಲಸ ಕಲಿಸುವ ವಿಭಾಗಕ್ಕೆ ದೊಡ್ಡವರು ಓಕಾ ಮೇಷ್ಟ್ರು. ಹುಡುಗರ ಹಾಗೇ ನೀಲಿ ಅಂಗಿ, ಉಗುರಿನ ಸಂದಿಯಲ್ಲಿ ಮಸಿ. ಮೇಷ್ಟ್ರೆಂದು ರಾಮುಣ್ಣಿ ಹೇಳುವವರೆಗೆ ನಾನು ಅವರನ್ನು ಜಾಡಮಾಲಿ ಎಂದುಕೊಂಡಿದ್ದೆ. ಆ ಹೊತ್ತಿನಲ್ಲಿ ಅವರು ನೆಲ ಗುಡಿಸುತ್ತಿದ್ದರು. ಅಲ್ಲಿ ದಿನದ ಕೊನೆಗೆ ಒದ್ದೆ ಮರದ ಹೊಟ್ಟು ಚೆಲ್ಲಿ ಎಲ್ಲರೂ ಗುಡಿಸುತ್ತಾರೆ. ನಮ್ಮಲ್ಲಿ ನಾಲ್ಕಕ್ಷರ ಬಂದವನು ಪೊರಕೆ ಮುಟ್ಟುವುದಿಲ್ಲ.

ಒಂದು ಕೋಣೆಯಲ್ಲಿ ಹುಡುಗರು ಬರೀ ಚಿತ್ರ ಬರೆಯುತ್ತಾ ಕೂತಿದ್ದರು. ಅರ್ಧ ದಿನ ಒಂದು ತಿರುಪಿನ ಚಿತ್ರ. ಹೊತ್ತು ಹಾಳು ಎಂದೆ. ರಾಮುಣ್ಣಿ ಅದನ್ನು ಮೇಷ್ಟ್ರಿಗೆ ಹೇಳಿಯೇಬಿಟ್ಟರು. ಮೇಷ್ಟ್ರು ನಕ್ಕು, ನೀವು ಗಾಲಿ ಮಾಡುವಾಗ ಏನು ಮಾಡುತ್ತೀರಿ ಎಂದು ಕೇಳಿದರು. ನೆಲದ ಮೇಲೆ ಇದ್ದಲಲ್ಲಿ ಗೀಚಿ, ಆದಮೇಲೆ ಕಾಲಲ್ಲಿ ಅಳಿಸುತ್ತೇವೆ ಎಂದೆ. ಅವರು ಬಹಳ ಹೊತ್ತು ತಲೆದೂಗಿ, “ನಮ್ಮ ಅಪ್ಪನೂ ಹಾಗೇ” ಎಂದರಂತೆ.

ಪರೀಕ್ಷೆ ಮಾರನೆಯ ದಿನಕ್ಕೆ ಎಂದು ಗೊತ್ತಾಯಿತು. ಪ್ರತಿ ಹುಡುಗನಿಗೂ ಒರಟು ಕಬ್ಬಿಣದ ಒಂದು ತುಂಡು, ಚೌಕದ ತೂತಿರುವ ಒಂದು ತಗಡು ಕೊಡುತ್ತಾರೆ. ಅರದಿಂದ ಉಜ್ಜಿ ಉಜ್ಜಿ ಆ ತುಂಡನ್ನು ತೂತಿಗೆ ಸರಿಯಾಗಿ ಕೂರುವಂತೆ ಮಾಡಬೇಕು. ಹೆಚ್ಚು ಉಜ್ಜಿದರೆ ಸಡಿಲ, ಕಡಿಮೆಯಾದರೆ ಒಳಗೇ ಹೋಗುವುದಿಲ್ಲ. ಬಾಗಿಲ ಬಳಿ ಮೇಜಿನ ಮೇಲೆ ಒಂದು ಚಿಕ್ಕ ಗಂಟೆ. ಆಯಿತು ಅನ್ನಿಸಿದವನು ಅರ ಕೆಳಗಿಟ್ಟು, ಹೋಗಿ ಗಂಟೆ ಬಾರಿಸಬೇಕು. ಒಬ್ಬೊಬ್ಬನಿಗೂ ಒಂದೇ ತುಂಡು.

ಇಷ್ಟೇನಾ ಎಂದುಕೊಂಡೆ. ಗಂಟೆಯ ವಿಷಯವನ್ನು ಮೇಷ್ಟ್ರು ಎರಡು ಸಲ ಹೇಳಿದರು. ಮೇಷ್ಟ್ರನ್ನು ಕರೆಯುವುದಕ್ಕೆ ಗಂಟೆ, ಅದರಲ್ಲೇನಿದೆ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಾಲೆ, ಎರಡನೆಯ ದಿನ

ಮಾದೇವನಿಗೆ ಭಾಷೆ ಬಾರದ್ದರಿಂದ ನಾನೂ ರಾಮುಣ್ಣಿಯೂ ಒಳಗೆ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂರಬಹುದೆಂದು ಒಪ್ಪಿಗೆ ಕೊಟ್ಟರು. ಅಕ್ಕನಿಗೆ ಕೊಟ್ಟ ಮಾತೂ ನಡೆಯಿತು. ಮಾದೇವನ ಕಣ್ಣೆದುರಿಗೇ ಕೂತೆ.

ಅವನ ಉಜ್ಜುವಿಕೆ ನೋಡುವಂತಿತ್ತು. ಮೈ ಅಲುಗದೆ ತೋಳು ಮಾತ್ರ ಹೋಗಿ ಬರುತ್ತಿತ್ತು. ಆಗಾಗ ತುಂಡನ್ನು ತೂತಿಗೆ ಹಿಡಿದು ನೋಡುವನು, ಬಟ್ಟೆಯಿಂದ ಒರೆಸುವನು, ಮತ್ತೆ ಉಜ್ಜುವನು. ಓಕಾ ಮೇಷ್ಟ್ರು ಎರಡು ಸಲ ಅವನ ಹಿಂದೆ ಬಂದು ನಿಂತರು. ಎರಡನೆಯ ಸಲ ಬಹಳ ಹೊತ್ತು ನಿಂತರು. ಅಲ್ಲೊಬ್ಬ ಹುಡುಗ ಅವಸರದಲ್ಲಿ ಗಂಟೆ ಬಾರಿಸಿದ. ಅವನ ತುಂಡು ತೂತಿನಿಂದ ಕೆಳಗೆ ಬಿತ್ತು. ಇನ್ನೊಬ್ಬ ಬಾರಿಸಿ, ಮೇಷ್ಟ್ರು ಬರುವುದರೊಳಗೆ ಮನಸ್ಸು ಬದಲಾಯಿಸಿ ಓಡಿಹೋಗಿ ಮತ್ತೆ ಉಜ್ಜತೊಡಗಿದ. ಮೇಷ್ಟ್ರು ಅವರಿಬ್ಬರನ್ನೂ ಗದರಲಿಲ್ಲ.

ಮಾದೇವ ಅರ ಕೆಳಗಿಟ್ಟ. ತುಂಡನ್ನು ತೂತಿಗೆ ಇಟ್ಟು ಹೆಬ್ಬೆರಳಿಂದ ಒತ್ತಿದ. ಅದು ಬೆಣ್ಣೆಯ ಹಾಗೆ ಒಳಗೆ ಹೋಯಿತು. ಅವನ ಮುಖ ಬೆಳಗಿತು. ಎದ್ದ. ಮೇಜಿನ ಕಡೆ ಎರಡು ಹೆಜ್ಜೆ ಹಾಕಿದ. ಅಲ್ಲಿಂದ ತಿರುಗಿ, ಕೆಳಗಿಟ್ಟಿದ್ದ ಅರವನ್ನೂ ಎತ್ತಿಕೊಂಡು, ತಗಡು, ತುಂಡು, ಅರ ಮೂರನ್ನೂ ಎರಡೂ ಕೈಯಲ್ಲಿ ಹಿಡಿದು, ನನ್ನ ಬೆಂಚಿನ ಹತ್ತಿರ ಬಂದ.

“ಒಸಿ ನೋಡಿ ಮಾವ.”

ನಾನು ಕೋಟು ಬಿಚ್ಚಿದೆ. ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಅದಕ್ಕೆ ಏನೂ ಬೇಕಿರಲಿಲ್ಲ. ಆದರೂ ಒಂದು ಮೂಲೆಗೆ ಹಗುರಾಗಿ ಎರಡು ಸಲ ಅರ ಆಡಿಸಿದೆ. ತೂತಿಗೆ ಹಾಕಿದೆ, ಮೊದಲಿನ ಹಾಗೇ ಕೂತಿತು.

“ಆಯ್ತು ಕಣ್ಲಾ. ಓಗಿ ಗಂಟೆ ಒಡಿ.”

ಅವನು ಹೋಗಿ ಬಾರಿಸಿದ.

ಓಕಾ ಮೇಷ್ಟ್ರು ಕೋಣೆಯ ಆಚೆ ತುದಿಯಿಂದ ಬಂದರು. ತಗಡನ್ನು ಕಿಟಕಿಗೆ ಹಿಡಿದರು. ತುಂಡಿನ ಸುತ್ತ ಎಳೆಯಷ್ಟೂ ಬೆಳಕು ಕಾಣಲಿಲ್ಲ. ತಿರುಗಿಸಿ ಹಾಕಿದರು, ಮಗುಚಿ ಹಾಕಿದರು. ಮುಖದಲ್ಲಿ ನಗು ಬಂತು. ಆಮೇಲೆ ಎಲ್ಲ ಹುಡುಗರಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ಮಾದೇವನಿಗೂ ಕೇಳಿದರು. ರಾಮುಣ್ಣಿ ಕನ್ನಡದಲ್ಲಿ ಹೇಳಿದರು: “ಮುಗಿಯಿತು ಅಂತ ನಿನಗೆ ಹೇಗೆ ಗೊತ್ತಾಯ್ತು, ಅಂತ ಕೇಳ್ತಾರೆ.”

ಮಾದೇವ ನನ್ನ ಕಡೆ ನೋಡಿದ. ಅವನಿಗೆ ಮಾತು ಬರುತ್ತಿಲ್ಲ ಎಂದುಕೊಂಡು ನಾನೇ ಎದ್ದು ನಿಂತೆ. “ಕೊನೆ ಕೈ ನಾನು ಇಟ್ಟಿದ್ದೀನಿ ಅಂತ ಹೇಳಿ. ನಂಬಬಹುದು ಅಂತ ಹೇಳಿ.”

ರಾಮುಣ್ಣಿಯ ಮುಖ ಇಳಿಯಿತು. “ಎಂಡೆ ದೈವಮೇ,” ಎಂದು ತಮ್ಮ ಮಲಯಾಳದಲ್ಲಿ ಮೆಲ್ಲಗೆ ಅಂದು ನನ್ನ ಹತ್ತಿರ ಬಗ್ಗಿದರು. “ಯಜಮಾನರೇ, ಇದು ಹೇಳ್ಲೇಬೇಕಾ? ಹುಡುಗ ಏನಾದ್ರೂ ಹೇಳ್ಲಿ. ಬೆಳಕು ಕಾಣ್ಲಿಲ್ಲ ಅಂತ ಹೇಳ್ಲಿ. ಸಾಕು.”

ನನಗೆ ಸಿಟ್ಟು ಬಂತು. “ಯಾಕ್ರೀ ಮುಚ್ಚಿಡಬೇಕು? ನಾಲ್ಕು ತಾಲ್ಲೂಕಿನ ಜನ ನನ್ನ ಕೊನೆ ಕೈಗೆ ಕಾಯ್ತಾರೆ ಕಣ್ರೀ. ಇದ್ರಿಂದ ಹುಡುಗನಿಗೆ ಬೆಲೆ ಹೆಚ್ಚುತ್ತೆ. ಹೇಳಿ ನೀವು.”

“ಇಲ್ಲಿ ಹಾಗಲ್ಲ...”

“ನಾನ್ ಹೇಳಿದ್ದು ಹೇಳಿ ರಾಮುಣ್ಣಿ.”

ಅವರು ಹೇಳಿದರು. ತಲೆ ಬಗ್ಗಿಸಿಕೊಂಡು ಹೇಳಿದರು.

ಓಕಾ ಮೇಷ್ಟ್ರ ನಗು ಕೂಡಲೇ ಹೋಗಲಿಲ್ಲ, ನಿಧಾನವಾಗಿ ಹೋಯಿತು. ಅವರು ತುಂಡನ್ನು ತೂತಿನಿಂದ ಬಿಡಿಸಿ ಮಾದೇವನ ಅಂಗೈಯಲ್ಲಿ ಇಟ್ಟರು. ಅವನ ಬೆರಳುಗಳನ್ನು ತಾವೇ ಮಡಿಸಿದರು. ಎಷ್ಟೋ ಮೃದುವಾಗಿ ಒಂದು ಮಾತು ಕೇಳಿದರು. “ನೀನು ಹೇಳು. ಇದು ಆಗಿದೆಯಾ?” ಎಂದು ರಾಮುಣ್ಣಿ ಹೇಳಿದರು.

ಮಾದೇವ ಅಂಗೈ ಬಿಚ್ಚಿ ತುಂಡನ್ನು ನೋಡಿದ. ಆಮೇಲೆ ತಲೆ ಎತ್ತಿ ಮತ್ತೆ ನನ್ನನ್ನು ನೋಡಿದ.

ಓಕಾ ಮೇಷ್ಟ್ರು ನಮ್ಮಿಬ್ಬರಿಗೂ ಬಗ್ಗಿ ನಮಸ್ಕಾರ ಮಾಡಿ ಮುಂದಿನ ಹುಡುಗನ ಹತ್ತಿರ ಹೋದರು.

ಓಕಾ ಮೇಷ್ಟ್ರ ಮನೆ

ಮಾದೇವನಿಗೆ ಜಾಗ ಇಲ್ಲವೆಂದು ಸಂಜೆಯೇ ತಿಳಿಸಿದರು. ಮಾರನೆಯ ದಿನ ಓಕಾ ಮೇಷ್ಟ್ರು ನಮ್ಮನ್ನು ಚಹಕ್ಕೆ ಕರೆದರು. ಹೋಗುವುದಿಲ್ಲ ಎಂದೆ, ರಾಮುಣ್ಣಿ ಬಿಡಲಿಲ್ಲ. ಚಾಪೆಯ ಮೇಲೆ ಕೂತೆವು. ಹಾಲಿಲ್ಲದ, ಬೆಲ್ಲವಿಲ್ಲದ ಹಸಿರು ಚಹ. ಕಷಾಯದ ಹಾಗೆ ಕುಡಿದೆ.

ನಾನು ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಅಲ್ಲಿ ಒಡ್ಡಿದೆ. “ಇನ್ನೊಂದು ತುಂಡು ಕೊಡಿಸಿ. ನಾನು ಶಾಲೆಯ ಕಾಂಪೌಂಡಿಗೂ ಬರುವುದಿಲ್ಲ. ಬೇಕಾದರೆ ಊರು ಬಿಟ್ಟೇ ಹೋಗುತ್ತೇನೆ.”

ಮೇಷ್ಟ್ರು ಬಹಳ ಹೊತ್ತು ಮಾತಾಡಿದರು. ರಾಮುಣ್ಣಿ ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅವರ ತಂದೆ ಗುದ್ದಲಿ ಮಾಡುವ ಕಮ್ಮಾರ. ಅಲ್ಲೂ ಇದೇ ಪದ್ಧತಿ. ಮಗ ಎಷ್ಟೇ ಕಲಿತಿರಲಿ, ಕೊನೆಯ ಏಟು ಅಪ್ಪನದು. ಮಗನಿಗೆ ಮದುವೆಯಾಗಿ ಮಕ್ಕಳಾದರೂ ಹಾಗೇ ನಡೆಯಿತು. ಒಂದು ಚಳಿಗಾಲ ತಂದೆ ತೀರಿಕೊಂಡರು. ಸೂತಕ ಕಳೆದು ಮಗ ಕುಲುಮೆ ಹೊತ್ತಿಸಿ ಒಂದು ಗುದ್ದಲಿಗೆ ಕೈ ಹಾಕಿದ. ಬಡಿದ, ಕಾಯಿಸಿದ, ಮತ್ತೆ ಬಡಿದ. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಸಾಕು ಎನ್ನುವವರು ಇರಲಿಲ್ಲ. ಬಡಿಯುತ್ತಲೇ ಹೋದ. ಗುದ್ದಲಿ ತಗಡಾಯಿತು.

“ನನ್ನ ಕೈ ಎಲ್ಲ ಕಲಿತಿತ್ತು, ನಿಲ್ಲಿಸುವುದೊಂದನ್ನು ಬಿಟ್ಟು,” ಎಂದರು ಮೇಷ್ಟ್ರು. “ನಾವು ನೋಡುವುದು ತುಂಡನ್ನಲ್ಲ. ಗಂಟೆಯವರೆಗೆ ಹುಡುಗ ಒಬ್ಬನೇ ನಡೆದು ಹೋಗುತ್ತಾನೆಯೆ ಎಂದು ನೋಡುತ್ತೇವೆ. ತಪ್ಪು ತುಂಡು ಹಿಡಿದು ನಡೆದವನನ್ನೂ ತೆಗೆದುಕೊಂಡಿದ್ದೇವೆ. ಅವನಿಗೆ ಅರ ಹಿಡಿಯುವುದನ್ನು ಕಲಿಸಬಹುದು. ನಿಮ್ಮ ಹುಡುಗನಿಗೆ ಇನ್ನೊಂದು ತುಂಡು ಕೊಡಲು ನನಗೇನು ಕಷ್ಟ? ನೀವು ಊರು ಬಿಟ್ಟು ಹೋದರೂ ಅವನು ಬಾಗಿಲ ಕಡೆಯೇ ನೋಡುತ್ತಾನೆ. ಎರಡು ವರ್ಷ ಅವನ ಕೆಲಸ ಅವನೇ ಮುಗಿಸಲಿ, ಆಮೇಲೆ ಕಳಿಸಿ ಎನ್ನುತ್ತಿದ್ದೆ. ಆದರೆ ಅಷ್ಟರಲ್ಲಿ ವಯಸ್ಸು ದಾಟುತ್ತದೆ.”

ಅವಮಾನ ಮಾಡಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವರು ನನ್ನನ್ನು ತಮ್ಮ ತಂದೆಯನ್ನು ನೋಡುವ ಹಾಗೆ ನೋಡುತ್ತಿದ್ದರು. ಹೊರಡುವಾಗ ನನ್ನ ಎಕ್ಕಡವನ್ನು ತಾವೇ ತಿರುಗಿಸಿ, ಹಾಕಿಕೊಳ್ಳಲು ಅನುಕೂಲವಾಗುವಂತೆ ಇಟ್ಟರು.

ಹಡಗು, ವಾಪಸು

ಮರ ಕೊಯ್ಯುವ ಯಂತ್ರವನ್ನು ಆರಿಸಿದೆ. ಮಾದೇವನೇ ಬೆಲ್ಟು, ಹಲ್ಲು, ಗಾಲಿ ಎಲ್ಲ ಪರೀಕ್ಷಿಸಿ, ಮೂರರಲ್ಲಿ ಇದು ಒಳ್ಳೆಯದು ಎಂದ. ಆಮೇಲೆ, “ನೀವೂ ಒಂದ್ ಸಲ ನೋಡ್ಬುಡಿ ಮಾವ,” ಎಂದ.

ವಾಪಸು ಬರುವಾಗ ನನಗೆ ವಾಂತಿಯಾಗಲಿಲ್ಲ. ಮಾದೇವ ಇಂಜಿನ್ ಕೋಣೆಯ ಕಡೆ ಹೋಗಲಿಲ್ಲ. ಕಂಬಿ ಹಿಡಿದು ನೀರು ನೋಡುತ್ತಾ ನಿಲ್ಲುತ್ತಿದ್ದ. ಮಾತಾಡಿಸಿದರೆ ಮಾತಾಡುವನು, ನಗಿಸಿದರೆ ನಗುವನು. ನನ್ನ ಮೇಲೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಸಿಂಗಪುರ ದಾಟಿದ ಮೇಲೆ ಒಂದು ಸಂಜೆ ನಾನೇ ಎತ್ತಿದೆ.

“ನಾನ್ ಅಲ್ಲಿ ಕೂರ್ಬಾರ್ದಿತ್ತು ಕಣೋ ಮಾದೇವ.”

“ಇರ್ಲಿ ಬುಡಿ ಮಾವ.” ನೀರಿನ ಕಡೆ ತಿರುಗಿಕೊಂಡು ಹೇಳಿದ. “ನಾನ್ ಗಂಟೆ ಒಡೀಬೇಕು ಅಂತ್ಲೇ ಎದ್ದಿದ್ದು. ಅವ್ರು ಎಲ್ಡು ಸಲ ಏಳಿದ್ರಲ್ಲ, ಗೆಪ್ತಿ ಇತ್ತು. ಎಲ್ಡೆಜ್ಜೆ ಮಡಗ್ದೆ. ಆಮ್ಯಾಕೆ ಕಾಲು ನಿಮ್ ಕಡೀಕೇ ಬಂದ್ಬುಡ್ತು.”

ಆ ಎರಡು ಹೆಜ್ಜೆಯನ್ನು ನಾನೂ ನೋಡಿದ್ದೆ.

ಹುಣಸೂರು, ಮತ್ತೆ

ಅಕ್ಕ ಮಗನನ್ನು ಕಂಡು ಸಂತೋಷಕ್ಕೆ ಅತ್ತಳು. “ಓಗ್ಲಿ ಬುಡು, ನಮ್ಮಪ್ಪ ನಮ್ ಕಣ್ಮುಂದೆ ಇರ್ಲಿ,” ಎಂದಳು. ಊರಿನವರು ಯಂತ್ರ ನೋಡಲು ಬಂದರು. ಮಾದೇವ ಅದನ್ನು ಕೂರಿಸಿ ಓಡಿಸಿದ. ಇವತ್ತಿಗೂ ಅದು ಕೆಟ್ಟಿಲ್ಲ.

ಬಂದ ಮೇಲೆ ನಾನು ಒಂದು ತೀರ್ಮಾನ ಮಾಡಿದೆ. ಮಾದೇವನ ಕೆಲಸಕ್ಕೆ ಕೊನೆ ಕೈ ಇಡುವುದಿಲ್ಲ ಎಂದೆ. ಎತ್ತಿನ ಕೊರಳಿಗೆ ಕಟ್ಟುವ ಒಂದು ಕಂಚಿನ ಗಂಟೆ ತಂದು ಕಾರ್ಖಾನೆಯ ಕಂಬಕ್ಕೆ ತೂಗುಹಾಕಿದೆ. “ಆಯ್ತು ಅನ್ನಿಸ್ದಾಗ ಇದನ್ನ ಬಾರಿಸು. ನಾನು ಬರಲ್ಲ, ನೋಡಲ್ಲ,” ಎಂದೆ. ಕೆಲಸದವರು ಮುಸಿಮುಸಿ ನಕ್ಕರು. ರೈತರು ಗೊಣಗಿದರು. “ಯಜಮಾನ್ರಿಗೆ ಜಪಾನಿಗೋಗಿ ಬಂದ್ಮ್ಯಾಕೆ ಗತ್ತು ಕಣ್ಲಾ, ಗಾಲಿ ಮುಟ್ಟಕ್ಕಿಲ್ವಂತೆ,” ಎಂದು ಜಗಲಿಯ ಮೇಲೇ ಆಡಿಕೊಂಡರು. ಮಾದೇವ ಗಂಟೆ ಬಾರಿಸದೆ, ಮುಗಿದ ಗಾಲಿಯ ಮುಂದೆ ಕೂತು ತಟ್ಟುತ್ತಲೇ ಇರುತ್ತಿದ್ದ. ಇಲ್ಲಿ ಒಂದು ಏಟು, ಅಲ್ಲಿ ಒಂದು ಏಟು. ಒಮ್ಮೆ ಒಳ್ಳೆಯ ಗಾಲಿಯೊಂದು ಹಾಗೆ ತಟ್ಟಿಸಿಕೊಂಡೇ ಸೀಳಿತು. ನನಗೆ ಗುದ್ದಲಿ ನೆನಪಾಯಿತು.

ಈಗ ಅವನಿಗೆ ಮದುವೆಯಾಗಿದೆ. ಅವನಷ್ಟು ಒಳ್ಳೆಯ ಕೈ ಈ ಸುತ್ತಿನಲ್ಲಿ ಇಲ್ಲ. ನನಗಿಂತ ಒಳ್ಳೆಯದು; ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಯುದ್ಧದಿಂದ ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲ ಹೊಗೆಯಲ್ಲಿ ಓಡುತ್ತಿವೆಯಲ್ಲ, ಅವು ದಾರಿಯಲ್ಲಿ ನಿಂತರೂ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಸರಿ ಮಾಡಿ, ಡ್ರೈವರನ್ನು ಕೇಳುತ್ತಾನೆ, “ಸರಿಯಾಯ್ತಾ ನೋಡಿ.”

ಮೊನ್ನೆ ನನಗೆ ಜ್ವರ. ಒಳಗೆ ಕಂಬಳಿ ಹೊದ್ದು ಮಲಗಿದ್ದೆ. ಪಿರಿಯಾಪಟ್ಟಣದ ರೈತನೊಬ್ಬ ಬೆಳಗಿನಿಂದ ಗಾಡಿಗಾಗಿ ಕಾದಿದ್ದ. ಮಾದೇವ ಕೊಡತಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ.

“ಆಯ್ತೇನ್ಲಾ?”

“ನೋಡಿ ಮಾವ.”

“ನಾನ್ ನೋಡಕ್ಕಿಲ್ಲ. ಗಂಟೆ ಅಲ್ಲೈತೆ. ಓಗು.”

ಅವನು ಹೋದ. ನಾನು ಮಲಗಿದ್ದಲ್ಲಿಂದ ಕಂಬ ಕಾಣುತ್ತಿತ್ತು. ಅವನು ಗಂಟೆಯ ಕೆಳಗೆ ನಿಂತು ಕೈ ಎತ್ತಿದ. ಬೆರಳು ಗಂಟೆಯ ನಾಲಿಗೆಗೆ ತಾಗಿತು. ಅಷ್ಟರಲ್ಲಿ ಅಂಗಳದಿಂದ ರೈತ ಕೂಗಿದ: “ಏನಪ್ಪಾ ಮಾದೇವಣ್ಣ, ಒತ್ತಾಯ್ತದೆ! ಯಜಮಾನ್ರು ಕೈ ಇಟ್ರಾ ಇಲ್ವಾ?”

ಎತ್ತಿದ ಕೈ ಇಳಿಯಿತು.

ನಾನು ಕಂಬಳಿ ಸರಿಸಿ ಎದ್ದೆ. ಗೋಡೆ ಹಿಡಿದು ಅಂಗಳಕ್ಕೆ ಬಂದೆ. ಗಾಲಿಯ ಸುತ್ತ ಒಂದು ಸುತ್ತು ಹಾಕಿದೆ. ಎಲ್ಲೂ ಏನೂ ಬೇಕಿರಲಿಲ್ಲ. ಮಾದೇವನ ಕೈಯಿಂದ ಕೊಡತಿ ಇಸಿದುಕೊಂಡು, ಸದ್ದಾಗುವಷ್ಟು ಮಾತ್ರ ಒಂದು ಏಟು ಹಾಕಿದೆ.

ರೈತ ಸಮಾಧಾನವಾಗಿ ಎತ್ತು ಕಟ್ಟಿದ. ಅವುಗಳ ಕೊರಳ ಗಂಟೆಗಳು ರಸ್ತೆಯುದ್ದಕ್ಕೂ ಸದ್ದು ಮಾಡುತ್ತಾ ಹೋದವು. ಅವು ಕೇಳಿಸದಾಗುವವರೆಗೂ ಮಾದೇವ ಕಂಬದ ಕೆಳಗೇ ನಿಂತಿದ್ದ.